ತಾಳಿ ಬೆಳ್ಳಗಾದ ವಾರ

ನಮ್ಮ ಮನೆಗೆ ಹೊಸ ಪಾತ್ರೆ ಬಂದರೆ ಅಜ್ಜಿ ಅದಕ್ಕೆ ಅರಿಶಿನ ಕುಂಕುಮ ಇಡುವ ಮುಂಚೆಯೇ ಅಪ್ಪ ಅಯಸ್ಕಾಂತ ಇಟ್ಟುಬಿಡುತ್ತಿದ್ದ. ಹಿರೇಹಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ ಗುಜರಿ ಲೋಹವನ್ನು ಪರೀಕ್ಷೆ ಮಾಡಿ ಬೇರೆ ಬೇರೆ ಮಾಡಿಸುವುದು ಅವನ ಕೆಲಸ. ಲಾರಿಯಿಂದ ಸುರಿಯುವ ಹಳೇ ನಲ್ಲಿ, ಮುರಿದ ಬೇರಿಂಗು, ಪಂಪಿನ ಚಕ್ರಗಳಲ್ಲಿ ಯಾವುದು ಹಿತ್ತಾಳೆ, ಯಾವುದು ಕಂಚು, ಯಾವುದು ಬರೀ ಬಣ್ಣ ಬಳಿದ ಬೀಡುಕಬ್ಬಿಣ ಅಂತ ತಟ್ಟಿ ನೋಡಿ, ಅರದಲ್ಲಿ ಉಜ್ಜಿ, ಸಾಣೆಚಕ್ರಕ್ಕೆ ಹಿಡಿದು ಕಿಡಿಯ ಬಣ್ಣ ನೋಡಿ ಹೇಳುತ್ತಿದ್ದ. ಕಾರ್ಖಾನೆಯ ಬಾಗಿಲು ಹಾಕಿದ ಮೇಲೂ ಆ ಚಾಳಿ ಬಿಡುತ್ತಿರಲಿಲ್ಲ. ಸಂಜೆ ತುಮಕೂರಿನ ಸದಾಶಿವನಗರದ ನಮ್ಮ ಬಾಡಿಗೆ ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕೂತರೆ, ಊಟಕ್ಕಿಂತ ತಟ್ಟೆಯ ಮೇಲೇ ಅವನ ಗಮನ. ಅಂಗಡಿಯವನು ಒಳ್ಳೇ ಸ್ಟೀಲು ಅಂತ ಕೊಟ್ಟ ಲೋಟಕ್ಕೆ ಅಯಸ್ಕಾಂತ ಕಚ್ಚಿಕೊಂಡಿತೆಂದು ಒಮ್ಮೆ ಊಟ ಬಿಟ್ಟು ಎದ್ದು ಮಂಡಿಪೇಟೆವರೆಗೂ ಹೋಗಿ ಜಗಳ ಮಾಡಿ ಬಂದಿದ್ದ. ಲೋಟ ಬದಲಾಗಲಿಲ್ಲ, ಸಾರು ಆರಿಹೋಗಿತ್ತು.

ನಾನು ಒಬ್ಬಳೇ ಮಗಳು. ಹಾಗಾಗಿ ಲೋಹದ ಪಾಠವೆಲ್ಲ ನನ್ನ ತಲೆಯ ಮೇಲೇ. ಮುದ್ದೆ ಮುರಿಯುವಾಗ ಒಂದು ಪ್ರಶ್ನೆ, ಮಜ್ಜಿಗೆ ಕಲಸುವಾಗ ಇನ್ನೊಂದು. ತಟ್ಟೆ ಕೈ ಸುಡುತ್ತೆ, ತಟ್ಟೆಯ ಕೆಳಗಿನ ಮಣೆ ಯಾಕೆ ಸುಡಲ್ಲ? ತಾಮ್ರದ ಚೊಂಬಿನಲ್ಲಿ ನೀರಿಡುವ ಅಜ್ಜಿ ಮಜ್ಜಿಗೆ ಯಾಕೆ ಇಡಲ್ಲ? ಹುಣಸೆಹಣ್ಣು ಹಚ್ಚಿದರೆ ಹಿತ್ತಾಳೆ ಹೊಳೆಯುತ್ತೆ, ಮೈಗೆ ಹಚ್ಚಿಕೊಂಡರೆ ನೀನ್ಯಾಕೆ ಹೊಳೆಯಲ್ಲ? ಉತ್ತರ ಸರಿಯಾದರೆ ಅವನ ತಟ್ಟೆಯ ಹಪ್ಪಳ ನನ್ನ ತಟ್ಟೆಗೆ ಬರುತ್ತಿತ್ತು. ಅಮ್ಮ ನನಗೆ ಬೆನ್ನ ಹಿಂದಿನಿಂದ ಸನ್ನೆ ಮಾಡಿ ಉತ್ತರ ಹೇಳಿಕೊಡುತ್ತಿದ್ದಳು. ಅಪ್ಪನಿಗೆ ಅದು ಗೊತ್ತಿತ್ತು, ಗೊತ್ತಿಲ್ಲದವನ ಹಾಗೆ ಇರುತ್ತಿದ್ದ. ಅಜ್ಜಿಗೆ ಮಾತ್ರ ಇದ್ಯಾವುದೂ ಸೇರುತ್ತಿರಲಿಲ್ಲ. ಅಜ್ಜಿ ಗುಬ್ಬಿಯವಳು, ಅಪ್ಪನ ತಾಯಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ಊರ ದೇವರು ಗುಬ್ಬಿಯಪ್ಪನ ಹೆಸರು. ಮನೆಯೊಳಗೆ ಅಯಸ್ಕಾಂತ ಇಟ್ಟುಕೊಂಡರೆ ಲಕ್ಷ್ಮಿ ನಿಲ್ಲಲ್ಲ ಅಂತ ಅವಳಿಗೆ ಯಾರೋ ಹೇಳಿದ್ದರು. ಅವಳು ಅದನ್ನು ಹಂಡೆಯ ಹಿಂದೆ ಬಚ್ಚಿಡುವುದು, ಅಪ್ಪ ಹುಡುಕಿ ತೆಗೆಯುವುದು, ಇದು ನಮ್ಮ ಮನೆಯ ದಿನಚರಿ.

ನನಗೆ ಹತ್ತು ತುಂಬಿದ ವರ್ಷ ಅಮ್ಮನಿಗೆ ಕೆಲಸದ ಆರ್ಡರ್ ಬಂತು. ಮದುವೆಗೆ ಮುಂಚೆ ಅವಳು ಟೀಚರ್ ತರಬೇತಿ, ಟಿಸಿಎಚ್, ಮುಗಿಸಿದ್ದಳು. ಯಾವತ್ತೋ ಹಾಕಿ ಮರೆತೇಹೋಗಿದ್ದ ಅರ್ಜಿಗೆ, ಕುಣಿಗಲ್ ತಾಲ್ಲೂಕಿನ ಒಂದು ಪ್ರೈಮರಿ ಸ್ಕೂಲಿಗೆ ಟೀಚರಾಗಿ ಬನ್ನಿ ಎಂದು ಸರ್ಕಾರ ಉತ್ತರ ಬರೆದಿತ್ತು. ಹದಿನೈದು ದಿನದೊಳಗೆ ಕುಣಿಗಲ್ ಆಫೀಸಿಗೆ ಹೋಗಿ ಸಹಿ ಹಾಕಬೇಕು, ಇಲ್ಲವಾದರೆ ಆರ್ಡರ್ ರದ್ದು. ಅಪ್ಪ ಆ ಕಾಗದವನ್ನು ಬೀದಿಯ ನಾಲ್ಕು ಮನೆಗೆ ತೋರಿಸಿ ಬಂದ. ಅಮ್ಮ ಎರಡು ನೂಲಿನ ಸೀರೆ ತಂದು ಗಂಜಿ ಹಾಕಿ ಇಸ್ತ್ರಿ ಮಾಡಿಸಿ ಟ್ರಂಕಿನಲ್ಲಿಟ್ಟಳು. ಹೆಬ್ಬೂರಿನ ಮೇಲೆ ಹೋಗುವ ಬೆಳಗಿನ ಬಸ್ಸಿನ ಹೊತ್ತು ಕೇಳಿಕೊಂಡು ಬಂದಳು. ಒಂದು ಮಧ್ಯಾಹ್ನ ಅಡುಗೆಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅ ಆ ಇ ಈ ಬರೆದು, ಹಿಂದಕ್ಕೆ ನಿಂತು ನೋಡಿ, ನಾನು ನೋಡಿದ್ದನ್ನು ಕಂಡು ನಾಚಿಕೊಂಡು ಒರೆಸಿಬಿಟ್ಟಳು. ಅಷ್ಟು ಖುಷಿಯಾಗಿದ್ದ ಅಮ್ಮನನ್ನು ನಾನು ಮುಂಚೆ ನೋಡಿರಲಿಲ್ಲ. ಅಜ್ಜಿ ಮಾತ್ರ ಮುಖ ಊದಿಸಿಕೊಂಡಿದ್ದಳು.

"ಮನೆ ಸೊಸೆ ಬಸ್ಸಿಗೆ ಜೋತು ಬಿದ್ಕಂಡು ಕುಣಿಗಲ್‌ಗೆ ಹೋಗ್ಬೇಕಾ? ನನ್ ಮಗ ಏನು ಕೈಲಾಗದೋನಾ?"

"ಅವ್ಳು ಹೋಗ್ತಿರೋದು ಪಾಠ ಹೇಳೋಕೆ ಕಣವ್ವ, ಕೂಲಿಗಲ್ಲ," ಅಂದ ಅಪ್ಪ.

"ಏನೋ ಬುಡಪ್ಪ. ಹೆಣ್ಣು ಹೊಸ್ಲು ದಾಟ್ದಾಗ ಏನಾದ್ರೂ ಒಂದು ಆಯ್ತದೆ. ನಾ ನೋಡಿವ್ನಿ."

ಈ ಮಾತಾದ ನಾಲ್ಕನೇ ದಿನ ಅಪ್ಪನಿಗೆ ಜ್ವರ ಹಿಡಿಯಿತು. ಡಾಕ್ಟರು ಟೈಫಾಯಿಡ್ ಅಂದರು. ಮನೆಯಲ್ಲೇ ಇರಲಿ, ಗಂಜಿ ಕೊಡಿ, ನಾಲ್ಕು ಗಂಟೆಗೊಮ್ಮೆ ಜ್ವರ ನೋಡಿ ಚೀಟಿಯಲ್ಲಿ ಬರೆದಿಡಿ, ನಾನು ಎರಡು ಮೂರು ದಿನಕ್ಕೊಮ್ಮೆ ಬಂದು ನೋಡ್ತೀನಿ ಎಂದು ಹೇಳಿ ಒಂದು ಥರ್ಮಾಮೀಟರ್ ಕೊಡಿಸಿದರು. ಅಮ್ಮನಿಗೆ ಗಂಜಿ, ಬಟ್ಟೆ, ಕಷಾಯಗಳ ನಡುವೆ ಪುರುಸೊತ್ತಿಲ್ಲ, ಅಜ್ಜಿಗೆ ಓದು ಬರಲ್ಲ. ಜ್ವರ ನೋಡಿ ಬರೆಯುವುದು ನನ್ನ ಪಾಲಿಗೆ ಬಂತು. ಮೊದಲ ದಿನ ಅಪ್ಪನೇ ಅದನ್ನು ಬೆಳಕಿಗೆ ತಿರುಗಿಸಿ ಓದುವುದನ್ನು ಹೇಳಿಕೊಟ್ಟ. ಒಳಗಿನ ಬೆಳ್ಳಿಗೆರೆ ಪಾದರಸ, ಅದೂ ಲೋಹವೇ, ಬಿಸಿಯಾದರೆ ಹಿಗ್ಗುತ್ತೆ ಅಂದ. ನೀರಿನ ಹಾಗೆ ಹರಿಯುವ ಲೋಹ ಅಂದರೆ ನಾನು ನಂಬಲಿಲ್ಲ. ಜ್ವರ ಬಿಡಲಿ, ಎಲ್ಲ ಹೇಳ್ತೀನಿ ಅಂತ ಕಣ್ಣು ಮುಚ್ಚಿಕೊಂಡ.

ಆ ಶನಿವಾರ ಮಧ್ಯಾಹ್ನ ಡಾಕ್ಟರ ಹಾಗೆ ಸ್ಟೈಲಾಗಿ ಥರ್ಮಾಮೀಟರ್ ಒದರಲು ಹೋಗಿ ಮಂಚದ ಕಾಲಿಗೆ ಬಡಿದೆ. ತುದಿ ಪುಡಿಯಾಯಿತು. ಅಪ್ಪ ನಿದ್ದೆಯಲ್ಲಿದ್ದ. ನೆಲದ ಮೇಲೆ ಪುಟ್ಟ ಪುಟ್ಟ ಗುಂಡುಗಳು ಓಡಾಡುತ್ತಿದ್ದವು. ಭಯ ಒಂದು ಕಡೆ, ಆಸೆ ಇನ್ನೊಂದು ಕಡೆ. ಗಾಜು ಗುಡಿಸಿ ಚರಂಡಿಗೆ ಹಾಕಿದೆ, ಗುಂಡುಗಳನ್ನು ಕಾಗದದಲ್ಲಿ ಎತ್ತಿ ಖಾಲಿ ಫಿಲ್ಮ್ ರೋಲಿನ ಡಬ್ಬಿಗೆ ತುಂಬಿಕೊಂಡೆ. ಅಂಗೈ ಮೇಲೆ ಹಾಕಿ ಬಿಡಿಸಿದೆ, ಕೂಡಿಸಿದೆ, ಬೆರಳಿನಿಂದ ಅಮುಕಿದೆ. ಮೂವತ್ತು ವರ್ಷ ಕೆಮಿಸ್ಟ್ರಿ ಹೇಳಿಕೊಟ್ಟವಳು ನಾನು, ಈಗ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ. ಅಂದು ಕೈ ಕೂಡ ತೊಳೆಯದೆ ನಡುಕೋಣೆಯಲ್ಲಿ ಒಂದು ಗಳಿಗೆ ಅಡ್ಡಾಗಿದ್ದ ಅಮ್ಮನ ಪಕ್ಕ ಹೋಗಿ ಮಲಗಿದೆ. ಹಾಲು ಕುಡಿಯುವ ಕಾಲದಿಂದಲೂ ನನಗೊಂದು ಅಭ್ಯಾಸ. ಮಲಗಿದರೆ ಅಮ್ಮನ ತಾಳಿ ಕೈಯಲ್ಲಿರಬೇಕು, ಅದನ್ನು ಬೆರಳಲ್ಲಿ ತೀಡುತ್ತಿರಬೇಕು, ಆಗಲೇ ನಿದ್ದೆ. ಹತ್ತು ವರ್ಷದ ಕತ್ತೆ ಅಂತ ಎಲ್ಲರೂ ಆಡಿಕೊಂಡರೂ ಬಿಟ್ಟಿರಲಿಲ್ಲ. ಅಂದೂ ಹಾಗೇ ತೀಡುತ್ತಾ ನಿದ್ದೆ ಹೋದೆ.

ಸಂಜೆ ಮುಖ ತೊಳೆಯಲು ಹೋದ ಅಮ್ಮ ಬಚ್ಚಲಿನಿಂದ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಕರಿಮಣಿಯ ನಡುವಿನ ಎರಡು ಚಿನ್ನದ ಬೊಟ್ಟುಗಳೂ ಬಿಳಿಚಿಕೊಂಡು ತವರದ ಹಾಗೆ ಕಾಣುತ್ತಿದ್ದವು. ಗಂಡ ಹಾಸಿಗೆ ಹಿಡಿದಿದ್ದಾನೆ, ಕುತ್ತಿಗೆಯಲ್ಲಿರುವ ತಾಳಿ ಬಣ್ಣ ಬಿಟ್ಟಿದೆ. ಅಜ್ಜಿ ಸೀಗೆಪುಡಿ ಹಾಕಿ ತಿಕ್ಕಿದಳು, ಹುಣಸೆಹಣ್ಣು ಹಾಕಿ ತಿಕ್ಕಿದಳು, ಕೊನೆಗೆ ವಿಭೂತಿ ಹಚ್ಚಿ ತಿಕ್ಕಿದಳು. ತಿಕ್ಕಿದಷ್ಟೂ ಬಿಳಿ ಹರಡಿತು. ಅಕ್ಕಸಾಲಿಗೆ ತೋರಿಸೋಣ ಅಂದರೆ, ಗಂಡ ಮಲಗಿರುವಾಗ ಕುತ್ತಿಗೆಯಿಂದ ತಾಳಿ ಬಿಚ್ಚುವುದುಂಟೇ? ಅಜ್ಜಿ ಗೋಡೆಗೊರಗಿ ಕೂತುಬಿಟ್ಟಳು.

"ಹೊರಗಡೆ ಕಾಲಿಡಬ್ಯಾಡ ಅಂತ ಹೇಳ್ದೆ ಕಣವ್ವ. ಹೇಳ್ದೆ ನಾನು. ಶಿವ ತೋರಿಸ್ಬುಟ್ಟ."

ಅಮ್ಮ ಸೆರಗನ್ನು ಕುತ್ತಿಗೆಯ ಸುತ್ತ ಎಳೆದುಕೊಂಡಳು. ಆಮೇಲೆ ಅಜ್ಜಿ ನನ್ನ ಕೈ ಹಿಡಿದು ಅಪ್ಪನ ಹೆಸರಿನಲ್ಲಿ ಆಣೆ ಹಾಕಿಸಿಕೊಂಡಳು. ಕಾಯಿಲೆಯವನ ಕಿವಿಗೆ ಇದು ಬೀಳಕೂಡದು, ಬಿದ್ದರೆ ಅವನ ಜೀವಕ್ಕೇ ಅಪಾಯ ಅಂದಳು. ಇಡೀ ತುಮಕೂರಿನಲ್ಲಿ ಆ ತಾಳಿಯನ್ನು ಒಂದು ಸಲ ನೋಡಿ ಇದು ಇಂಥದ್ದು ಎಂದು ಹೇಳಬಲ್ಲವನು ಹತ್ತಡಿ ಆಚೆ ಮಲಗಿದ್ದ. ಅವನಿಗೇ ಹೇಳುವ ಹಾಗಿರಲಿಲ್ಲ.

ನನಗೆ ಅಂದೇ ಅನುಮಾನ ಬಂದಿತ್ತು. ಮಾರನೇ ದಿನ ಬಚ್ಚಲಿನ ಬಾಗಿಲು ಹಾಕಿಕೊಂಡು, ಡಬ್ಬಿಯ ಪಾದರಸವನ್ನು ಬೆರಳಿಗೆ ಹಚ್ಚಿ ನನ್ನ ಎಡಕಿವಿಯ ಓಲೆಗೆ ಉಜ್ಜಿದೆ. ಕನ್ನಡಿಯಲ್ಲಿ ನೋಡನೋಡುತ್ತಲೇ ಚಿನ್ನ ಬೆಳ್ಳಗಾಯಿತು. ಕಾರಣ ಸಿಕ್ಕಿತು. ಆದರೆ ಅದನ್ನು ಹೇಳಬೇಕಾದರೆ ಥರ್ಮಾಮೀಟರ್ ಒಡೆದದ್ದು ಹೇಳಬೇಕು. ಅದನ್ನು ಹೇಳಿದರೆ ಶನಿವಾರದಿಂದ ಚೀಟಿಯಲ್ಲಿ ಬರೆದ ಜ್ವರ ಯಾವುದು ಅನ್ನುವುದನ್ನೂ ಹೇಳಬೇಕು. ನಾನು ಥರ್ಮಾಮೀಟರಿನ ಖಾಲಿ ಕವರನ್ನು ಒದರಿ, ಅಪ್ಪನ ಹಾಸಿಗೆಯ ಪಕ್ಕ ಎರಡು ನಿಮಿಷ ಕೂತು, ಮನಸ್ಸಿಗೆ ಬಂದದ್ದನ್ನು ಬರೆಯುತ್ತಿದ್ದೆ. ಹೆಚ್ಚು ಬರೆದರೆ ಅಮ್ಮ ಅಳುತ್ತಾಳೆ, ಕಡಿಮೆ ಬರೆದರೆ ಡಾಕ್ಟರು ಔಷಧಿ ನಿಲ್ಲಿಸಿಬಿಡಬಹುದು, ಹಾಗಾಗಿ ದಿನಕ್ಕೆ ನಾಲ್ಕು ಸಲ ನೂರೊಂದು. ಅಮ್ಮ ಅಪ್ಪನ ಹಣೆ ಮುಟ್ಟಿ ನೋಡಿ ಬಂದು ಚೀಟಿಯ ಮುಂದೆ ನಿಲ್ಲುತ್ತಿದ್ದಳು.

"ಕೈಗೇನೋ ತಣ್ಣಗೇ ಅನ್ಸುತ್ತೆ. ಚೀಟಿ ನೋಡಿದ್ರೆ ನೂರೊಂದು. ಸರಿಯಾಗಿ ನೋಡ್ದೇನೇ ಪುಟ್ಟಿ?"

"ಹೂಂ ಅಮ್ಮ."

ಓದಿದವಳಲ್ಲವೇ, ಅವಳು ತನ್ನ ಕೈಯನ್ನು ಬಿಟ್ಟು ಚೀಟಿಯನ್ನು ನಂಬಿದಳು. ಊಟ ಬಿಟ್ಟಳು. ಅಪ್ಪನ ಹತ್ತಿರ ಹೋದರೆ ಸೆರಗು ಸರಿದೀತು ಅಂತ ಗಂಜಿಯನ್ನು ಅಜ್ಜಿಯ ಕೈಯಲ್ಲಿ ಕಳಿಸಿ ಬಾಗಿಲ ಆಚೆ ಕೂರುತ್ತಿದ್ದಳು. ಕುಣಿಗಲ್‌ಗೆ ಹೋಗಲು ಉಳಿದಿದ್ದದ್ದು ಬುಧವಾರ ಒಂದೇ. ಅಪ್ಪ ಒಳಗಿನಿಂದ ಕೇಳುತ್ತಿದ್ದ, ಸೀರೆ ತೆಗೆದಿಟ್ಟುಕೊಂಡ್ಯಾ, ಆರ್ಡರ್ ಕಾಪಿ ತೆಗೆದಿಟ್ಟುಕೊಂಡ್ಯಾ ಅಂತ. ಹೂಂ ಅನ್ನುತ್ತಿದ್ದಳು. ನಾನು ಎರಡು ಸಲ ಅವಳ ಮುಂದೆ ಹೋಗಿ ಬಾಯಿ ತೆರೆದು ಮುಚ್ಚಿಕೊಂಡು ಬಂದೆ.

ಮಂಗಳವಾರ ಡಾಕ್ಟರು ಬಂದರು. ಚೀಟಿ ನೋಡಿ ಹುಬ್ಬು ಗಂಟು ಹಾಕಿ, ತಮ್ಮ ಬ್ಯಾಗಿನಿಂದ ಥರ್ಮಾಮೀಟರ್ ತೆಗೆದು ಇಟ್ಟರು.

"ತೊಂಬತ್ತೊಂಬತ್ತೂ ಇಲ್ಲ. ಇಳಿದು ಎರಡು ದಿನ ಆಗಿರ್ಬೇಕು. ಇದನ್ಯಾರಮ್ಮ ಬರೆದಿದ್ದು?"

ಅವರು ಹೋಗಿ ಅಪ್ಪ ನಿದ್ದೆ ಹೋದ ಮೇಲೆ ಅಡುಗೆಮನೆಯಲ್ಲಿ ಎಲ್ಲ ಹೇಳಿದೆ. ಒಡೆದದ್ದು, ಬರೆದದ್ದು, ಮಲಗಿದ್ದು, ತಾಳಿ ತೀಡಿದ್ದು. ಅಳುತ್ತಲೇ ಹೇಳಿದೆ. ಸಾಕ್ಷಿಗೆ ಇರಲಿ ಎಂದು ಜಡೆ ಸರಿಸಿ ಎಡಕಿವಿಯ ಓಲೆ ತೋರಿಸಿದೆ. ಅಲ್ಲಿ ನನ್ನ ಲೆಕ್ಕ ತಪ್ಪಿತು. ಅಜ್ಜಿ ಓಲೆ ನೋಡಿದವಳೇ ಎದೆ ಎದೆ ಬಡಿದುಕೊಂಡಳು.

"ಅಯ್ಯೋ ಶಿವನೇ! ಮಗೀಗೂ ಬಂತಲ್ಲಪ್ಪೋ!"

"ನಾನೇ ಮಾಡಿದ್ದು ಅಜ್ಜಿ! ನೋಡಿಲ್ಲಿ!" ಎಂದು ಕಿರುಚಿ ಡಬ್ಬಿ ತಂದು, ಇಬ್ಬರ ಎದುರಿಗೂ ಬಲಕಿವಿಯ ಓಲೆಗೆ ಪಾದರಸ ಉಜ್ಜಿದೆ. ಅದೂ ಬೆಳ್ಳಗಾಯಿತು. ಅಮ್ಮ ಬಗ್ಗಿ ತುಂಬಾ ಹೊತ್ತು ನೋಡಿದಳು. ಓಲೆಯನ್ನು ಮುಟ್ಟಿದಳು, ತನ್ನ ತಾಳಿಯನ್ನು ಮುಟ್ಟಿದಳು. ಅವಳ ಮುಖ ಸಡಿಲವಾಗಿದ್ದನ್ನು ನಾನು ಕಣ್ಣಾರೆ ಕಂಡೆ. ಗೆದ್ದೆ ಅಂದುಕೊಂಡೆ. ಅಜ್ಜಿ ಸಿಟ್ಟಿಲ್ಲದೆ, ಮೆಲ್ಲಗೆ ಕೇಳಿದಳು.

"ಹೆಂಗಾಯ್ತು ಅಂತ ಹೇಳ್ದೆ ಕಣವ್ವ, ಸರಿ. ಯಾಕಾಯ್ತು ಹೇಳು. ಇಷ್ಟು ದಿವ್ಸ ಒಡೀದಿದ್ದು ಈವಾಗ್ಲೇ ಯಾಕೆ ಒಡೀತು? ಮನೇಲಿ ಇಷ್ಟೊಂದು ಸಾಮಾನೈತೆ, ತಾಳಿಗೇ ಯಾಕೆ ಹತ್ತಿತು?"

ಲೋಹಗಳ ಬಗ್ಗೆ ಅಪ್ಪ ನನಗೆ ಹೇಳಿಕೊಟ್ಟದ್ದರಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ನಾನು ಅಮ್ಮನ ಮುಖ ನೋಡಿದೆ. ಅವಳು ಒಲೆಯ ಕಡೆ ನೋಡುತ್ತಿದ್ದಳು.

ಬುಧವಾರ ಬೆಳಿಗ್ಗೆ ಅಮ್ಮ ಬೇಗ ಎದ್ದು ತಲೆಗೆ ಸ್ನಾನ ಮಾಡಿ ಇಸ್ತ್ರಿಯ ಸೀರೆ ಉಟ್ಟಳು. ನನಗೆ ಕುಣಿಯುವಷ್ಟು ಸಂತೋಷ. ಆರ್ಡರ್ ಕಾಪಿ ಇದ್ದ ಬ್ಯಾಗು ಹೆಗಲಿಗೆ ಹಾಕಿಕೊಂಡು ಮುಂಬಾಗಿಲಿಗೆ ಬಂದಳು. ಅಜ್ಜಿ ಜಗುಲಿಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು.

"ಹೋಗೋದಾದ್ರೆ ಹೋಗವ್ವ. ನಾ ಅಡ್ಡ ಬರಾಕಿಲ್ಲ," ಅಂದಳು, ಮೊರದಿಂದ ತಲೆ ಎತ್ತದೆ.

ಅಡ್ಡ ಬಂದಿದ್ದರೆ ಅಮ್ಮ ಹೋಗುತ್ತಿದ್ದಳೋ ಏನೋ. ಹೊಸ್ತಿಲ ಒಳಗೆ ನಿಂತಳು. ಚಪ್ಪಲಿ ಹೊರಗಿತ್ತು. ಒಳಗಿನಿಂದ ಅಪ್ಪ, "ಹೊರಟ್ಯಾ?" ಅಂದ. "ಹೂಂ, ಹೊರಟೆ," ಅಂದಳು. "ಹುಷಾರಾಗಿ ಹೋಗು. ಸಹಿ ಹಾಕೋಕೆ ನನ್ ಪೆನ್ ತಗೊಂಡೋಗು," ಅಂದ. ಅವಳು ತಿರುಗಿ ಅಡುಗೆಮನೆಗೆ ನಡೆದಳು. ಬ್ಯಾಗು ಹೆಗಲಲ್ಲೇ ಇತ್ತು. ಒಲೆಯ ಪಕ್ಕದ ಮಣೆಯ ಮೇಲೆ, ಗಂಜಿ ಹಾಕಿದ ಸೀರೆ ಮುದುರದ ಹಾಗೆ ನೆಟ್ಟಗೆ ಕೂತಳು. ನಾನು ಎದುರಿಗೆ ನಿಂತು, ಅಪ್ಪನಿಗೆ ಕೇಳದ ಹಾಗೆ ಪಿಸುಗುಟ್ಟುತ್ತಾ, ಕೈ ಹಿಡಿದು ಎಳೆದೆ. ಅಮ್ಮ ಬಸ್ಸು ಹೋಗುತ್ತೆ ಏಳು, ಅಮ್ಮ ಪಾದರಸ ಅಷ್ಟೇ ಅಮ್ಮ, ಅಮ್ಮ ಏಳು. ಅವಳ ತೂಕ ಏನು ಮಹಾ ಇರಲಿಲ್ಲ, ಆದರೂ ನನ್ನ ಕೈಯಲ್ಲಿ ಅಲುಗಾಡಿಸಲು ಆಗಲಿಲ್ಲ. ಒಂಬತ್ತರ ಬಸ್ಸು ಹೋಗುವ ಹೊತ್ತಾಯಿತು, ಹತ್ತರದ್ದೂ ಆಯಿತು. ಹನ್ನೊಂದಕ್ಕೆ ಎದ್ದು, ಸೀರೆ ಬದಲಾಯಿಸಿ, ಗಂಜಿಗೆ ಅಕ್ಕಿ ತೊಳೆದಳು.

ಮಧ್ಯಾಹ್ನ ಮೂರು ಗಂಟೆಗೆ ನಿದ್ದೆಯಿಂದ ಎದ್ದ ಅಪ್ಪ ಬಾಗಿಲಲ್ಲಿ ಅವಳನ್ನು ನೋಡಿ ನಕ್ಕ. ವಾರ ದಾಟಿದ ಗಡ್ಡದಲ್ಲಿ ಅವನ ನಗು ಬೇರೆ ಯಾರದೋ ಹಾಗಿತ್ತು.

"ಬಂದ್ಬಿಟ್ಯಾ ಆಗ್ಲೇ? ಆಯ್ತಾ ಕೆಲ್ಸ?"

"ಆಯ್ತು," ಅಂದಳು ಅಮ್ಮ.

ಅಪ್ಪ ಒಂದು ವಾರ ಅದನ್ನೇ ನಂಬಿಕೊಂಡು ಗಂಜಿ ಕುಡಿದು ಚೇತರಿಸಿಕೊಂಡ. ಎದ್ದು ಓಡಾಡುವಂತಾದ ಮೇಲೆ, ಯಾವಾಗ ಸ್ಕೂಲಿಗೆ ಹೋಗ್ತೀಯ ಅಂತ ಕೇಳಿದಾಗ ಎಲ್ಲ ಹೊರಬಿತ್ತು. ಅಪ್ಪ ಅಷ್ಟು ಜೋರಾಗಿ ಕೂಗಾಡಿದ್ದನ್ನು ನಾನು ಅದಕ್ಕೆ ಮುಂಚೆಯಾಗಲಿ ಆಮೇಲಾಗಲಿ ಕಂಡಿಲ್ಲ. ಮೊದಲು ಅಜ್ಜಿಯ ಮೇಲೆ, ಆಮೇಲೆ ಅಮ್ಮನ ಮೇಲೆ, ಕೊನೆಗೆ ಕೂಗುವುದಕ್ಕೆ ಉಸಿರಿಲ್ಲದೆ ಕೂತುಬಿಟ್ಟ. ನನಗೆ ಒಂದೇಟೂ ಹೊಡೆಯಲಿಲ್ಲ. ಹೊಡೆದಿದ್ದರೆ ಒಳ್ಳೆಯದಿತ್ತು. ಅಮ್ಮನನ್ನೂ ನನ್ನನ್ನೂ ಗುಬ್ಬಿಗೆ ಕರೆದುಕೊಂಡು ಹೋದ. ಅಲ್ಲಿನ ಪರಿಚಯದ ಅಕ್ಕಸಾಲಿ ತಾಳಿ ನೋಡಿದವನೇ, "ಪಾದರಸ ಮುಟ್ಟಿಸಿದೀರಾ?" ಅಂದ. ಎಲ್ಲರನ್ನೂ ದೂರ ನಿಲ್ಲಿಸಿ, ಹಿತ್ತಲಿನ ಗಾಳಿಯಲ್ಲಿ ಊದುಕೊಳವೆಯಿಂದ ಬೆಂಕಿ ಊದಿದ. ಪಾದರಸ ಹೊಗೆಯಾಗಿ ಹೋಯಿತು, ಚಿನ್ನ ಮಂಕಾಗಿ ಉಳಿಯಿತು, ಮೆರುಗು ಕೊಟ್ಟ ಮೇಲೆ ಮೊದಲಿನ ಬಣ್ಣಕ್ಕೆ ಬಂತು. ಅರ್ಧ ಗಂಟೆಯ ಕೆಲಸ. ಅಮ್ಮ ಅದನ್ನು ಕೈಗೆ ತೆಗೆದುಕೊಂಡು ಕಟ್ಟಿಕೊಂಡಳು. ಕುಣಿಗಲ್ ಆಫೀಸಿಗೆ ಅಪ್ಪ ಮೂರು ಸಲ ಅರ್ಜಿ ಹಿಡಿದುಕೊಂಡು ಹೋಗಿ ಬಂದ. ಕಾಯಿಲೆ ನಿಮ್ಮದು, ಕೆಲಸ ಅವರದ್ದು, ಅವರೇಕೆ ಬರಲಿಲ್ಲ ಎಂದು ಕೇಳಿದರಂತೆ. ಆ ಜಾಗಕ್ಕೆ ಪಟ್ಟಿಯಲ್ಲಿ ಮುಂದಿದ್ದ ಹೆಸರು ಬಂತು.

ಅಮ್ಮ ಆಮೇಲೆ ಯಾವ ಅರ್ಜಿಯನ್ನೂ ಹಾಕಲಿಲ್ಲ. ನೂಲಿನ ಸೀರೆಗಳನ್ನು ಮನೆಯಲ್ಲೇ ಉಟ್ಟು ಹರಿದಳು. ಅಪ್ಪ ಊಟಕ್ಕೆ ಕೂತಾಗ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ. ನಾನು ಮಾತ್ರ ಓದಿದೆ, ಹಟ ಹಿಡಿದು ಓದಿದೆ. ಕೆಮಿಸ್ಟ್ರಿ ಮಾಡಿ ಪಿಯು ಕಾಲೇಜಿಗೆ ಸೇರಿದೆ. ಲೋಹಗಳ ಪಾಠದಲ್ಲಿ ಪಾದರಸ ಚಿನ್ನವನ್ನು ತನ್ನೊಳಗೆ ಸೇರಿಸಿಕೊಳ್ಳುವ ವಿಷಯ ಬಂದಾಗಲೆಲ್ಲ ಬೋರ್ಡಿನ ಕಡೆ ತಿರುಗಿಕೊಂಡೇ ಹೇಳಿ ಮುಗಿಸುತ್ತಿದ್ದೆ. ಮೇಡಂ ಜೋರು ಅಂತ ಹುಡುಗಿಯರು ಹೆದರುತ್ತಿದ್ದರು. ಯಾವ ಹುಡುಗಿಯಾದರೂ ಮದುವೆ ಅಂತ ಓದು ಬಿಡುತ್ತೇನೆ ಎಂದರೆ ಅವಳ ಮನೆಗೇ ಹೋಗಿ ಜಗಳ ಆಡಿದ್ದೇನೆ. ಕೆಲವು ಸಲ ಗೆದ್ದಿದ್ದೇನೆ. ಆ ನಾಲ್ಕು ದಿನ ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಅಮ್ಮನ ಬದುಕು ಹೋಯಿತು, ಶನಿವಾರವೇ ಹೇಳಿದ್ದರೆ ಅವಳು ಬುಧವಾರ ಬಸ್ಸು ಹತ್ತಿರುತ್ತಿದ್ದಳು. ಇದನ್ನು ಯಾರಿಗೂ ಹೇಳದೆ ಇಷ್ಟು ವರ್ಷ ಇಟ್ಟುಕೊಂಡಿದ್ದೆ.

ಅಪ್ಪ, ಅಜ್ಜಿ ಇಬ್ಬರೂ ಈಗಿಲ್ಲ. ಅಮ್ಮ ನನ್ನ ಜೊತೆಗಿದ್ದಾಳೆ, ಗಟ್ಟಿಯಾಗಿದ್ದಾಳೆ, ಪೇಪರಿನಲ್ಲಿ ಅಕ್ಷರ ತಪ್ಪು ಹುಡುಕಿ ಗೊಣಗುತ್ತಾಳೆ. ಮೊನ್ನೆ ಮಧ್ಯಾಹ್ನ ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ಇದ್ದಕ್ಕಿದ್ದ ಹಾಗೆ ಕೇಳಿಬಿಟ್ಟೆ.

"ಅಮ್ಮ, ಅವತ್ತು ಸಂಜೇನೇ ನಾನು ಹೇಳಿಬಿಟ್ಟಿದ್ರೆ ನೀನು ಕುಣಿಗಲ್‌ಗೆ ಹೋಗಿರ್ತಿದ್ದೆ ಅಲ್ವಾ?"

ಯಾವತ್ತು ಎಂದು ಅವಳು ಕೇಳಲಿಲ್ಲ.

"ಇಲ್ಲ ಕಣೇ."

"ಯಾಕೆ? ನನ್ನ ಮಾತು ನಂಬ್ತಿರ್ಲಿಲ್ವಾ?"

"ಯಾಕೆ ನಂಬ್ತಿರ್ಲಿಲ್ಲ? ನೀನು ಓಲೆಗೆ ಹಚ್ಚಿ ತೋರಿಸ್ದಾಗ್ಲೇ ನಂಬ್ದೆ. ಟೈಫಾಯಿಡ್ ಬಂದಿರೋ ಮನುಷ್ಯ. ನಾನು ಅಲ್ಲಿ ಸಹಿ ಹಾಕ್ತಿರೋ ಹೊತ್ನಲ್ಲಿ ಇಲ್ಲಿ ಏನಾದ್ರೂ ಒಂದಾಗಿದ್ರೆ? ತಾಳಿ ಬೆಳ್ಳಗಾಗಿದ್ದನ್ನ ನೋಡ್ಕೊಂಡೇ ಹೋದ್ಳು ಅಂತ ಎಲ್ರೂ ಅಂತಿದ್ರು, ಸಾಯೋವರ್ಗೂ ಅಂತಿದ್ರು. ಅದು ಪಾದರಸ ಅಂದಿದ್ರೆ ಯಾರು ಕೇಳ್ತಿದ್ರು ಹೇಳು?"

ಇಷ್ಟು ಹೇಳಿ ಅವಳು ಹುಳ ಬಿದ್ದ ಕಾಯೊಂದನ್ನು ಎತ್ತಿ ಪಕ್ಕಕ್ಕೆ ಹಾಕಿದಳು. ನನಗೆ ಸಮಾಧಾನ ಆಗಬೇಕಿತ್ತು. ಇಷ್ಟು ವರ್ಷ ನನ್ನದು ಎಂದುಕೊಂಡಿದ್ದ ತಪ್ಪು ನನ್ನದಲ್ಲ ಎಂದು ಅವಳ ಬಾಯಿಂದಲೇ ಬಂದಿತ್ತು. ನಾನು ಮೊದಲೇ ಹೇಳಿದ್ದರೂ, ಥರ್ಮಾಮೀಟರ್ ಒಡೆಯದೆಯೇ ಇದ್ದಿದ್ದರೂ, ಬೇರೆ ಏನಾದರೂ ಒಂದು ಬಂದು ಅವಳನ್ನು ಆ ಮಣೆಯ ಮೇಲೆ ಕೂರಿಸುತ್ತಿತ್ತು. ತಪ್ಪು ನನ್ನದೇ ಆಗಿದ್ದರೆ ಚೆನ್ನಾಗಿತ್ತು ಅನ್ನಿಸಿತು.